ಗಂಜಿ ಹಾಕಿದ ಬಲೆ

೨೦ ಆಗಸ್ಟ್ ೧೯೭೮, ರವಿವಾರ

ಮತ್ತೆ ಬಾಳುನ ಕಾಲುಚೀಲ. ನೀರು ಬದಲಿಸಿ ಬದಲಿಸಿ ಸಾಕಾಯಿತು. ಮುಧೋಳದವರು ಸೋತರೂ ಅವರ ಕರಿಮಣ್ಣು ಸೋಲಲೊಲ್ಲದು. ಈ ತಮ್ಮನಿಗೆ ಇಪ್ಪತ್ತನಾಲ್ಕು ವರ್ಷ, ತನ್ನ ಕಾಲುಚೀಲ ತಾನು ಒಗೆದುಕೊಂಡರೆ ಗೋಲ್‌ಕೀಪರ್‌ನ ಮಾನ ಹೋಗುತ್ತದಂತೆ.

ಗೆದ್ದು ಬಂದಿದ್ದಾರೆ, ಎರಡು–ಒಂದು. ಫಸ್ಟ್ ರೌಂಡ್. ಅದೇನೋ ಅಖಿಲ ಭಾರತ ಫುಟ್‌ಬಾಲ್ ಕಪ್ಪು, ಈ ವರ್ಷ ಸಣ್ಣ ಊರಿನ ಕ್ಲಬ್ಬುಗಳಿಗೂ ಬಾಗಿಲು ತೆರೆದಿದ್ದಾರೆ. ನಾಕೌಟ್. ಒಂದು ಸೋತರೆ ಮನೆಗೆ, ಗೆಲ್ಲುತ್ತ ಹೋದರೆ ದಿಲ್ಲಿಯ ತನಕ. ನಮ್ಮ ಬನಹಟ್ಟಿ ಸ್ಟಾರ್ ಕ್ಲಬ್ಬಿನವರೆಲ್ಲ ಮಗ್ಗದವರು, ಸೊಲ್ಲಾಪುರ ದಾಟಿದವರಿಲ್ಲ. ಆದರೆ ಚಾದಂಗಡಿಯಲ್ಲಿ ಆಗಲೇ ದಿಲ್ಲಿಯ ಚಳಿಗೆ ಎಂಥ ಸ್ವೆಟರ್ ಬೇಕು ಅಂತ ಜಗಳ.

ಕ್ಯಾಪ್ಟನ್ ಹುಲೆಪ್ಪ ಬಾಗಿಲಿಗೇ ಬಂದು ಅವ್ವನಿಗೆ ಹೇಳಿ ಹೋದ. "ಶಂಕ್ರೆವ್ವಕ್ಕ, ನಿಮ್ಮ ಮಗ ಗೋಲಿನಾಗ ನಿಂತ್ರ ಗ್ವಾಡಿ ಕಟ್ಟಿದಂಗ ನೋಡ್ರಿ."

ಅವ್ವ ಉಬ್ಬಿದ್ದಾಳೆ. ಇನ್ನು ಓಣಿಯಲ್ಲಿ ಹಿಡಿಯುವವರಿಲ್ಲ.

ಬಾಳು ಬಿಟ್ಟದ್ದು ಒಂದೇ ಗೋಲು, ಎಡಗಡೆಯಿಂದ. ಬಿಸಿಲು ಕಣ್ಣಿಗೆ ಹೊಡೀತು ಎಂದ. ಬಿಸಿಲೆಲ್ಲಿತ್ತು? ಇಡೀ ದಿನ ಮೋಡ.

೨೪ ಆಗಸ್ಟ್, ಸಂಜೆ

ಅಕ್ಷರ ಸೊಟ್ಟ. ನಾನು ಕಲಿಸುವ ಸಾಲಿಯ ಹುಡುಗಿಯರು ಹೀಗೆ ಬರೆದರೆ ಬೈಯುತ್ತೇನೆ.

ಒಲೆಯ ಮುಂದೆ ಕೂತಿದ್ದೆ. ಬಾಳು ಮಗ್ಗ ಬಿಟ್ಟು ಬಂದ, ಹೊಸ್ತಿಲಲ್ಲಿ ಕೂತ. "ಹಿಡಿ" ಎಂದು ಒಂದು ಉಳ್ಳಾಗಡ್ಡಿ ಎಸೆದೆ. ಚಿಕ್ಕಂದಿನಿಂದ ನಮ್ಮ ಆಟ. ಹೇಳಿ ಎಸೆದರೂ ಹಿಡಿಯುತ್ತಾನೆ, ಹೇಳದೆ ಎಸೆದರೂ ಹಿಡಿಯುತ್ತಾನೆ. ಒಮ್ಮೆ ತುಂಬಿದ ತಂಬಿಗೆ ಎಸೆದಿದ್ದೆ, ಅದನ್ನೂ ಬಿಡಲಿಲ್ಲ.

ಇವತ್ತು ಗಡ್ಡೆ ಕಿವಿಗೆ ಬಡಿದು ಕೆಳಗೆ ಬಿತ್ತು. ಕೈ ಎತ್ತಲೇ ಇಲ್ಲ. ನಾನು ಕೂತದ್ದು ಅವನ ಎಡಕ್ಕೆ.

ನಗಲಿಲ್ಲ ಅವನು. ನಾನೂ. ಎದ್ದು ಹೋಗಿ ಅವನ ಬಲಗಣ್ಣು ಮುಚ್ಚಿ, ನನ್ನ ಸೀರೆಯ ಬಣ್ಣ ಯಾವುದು ಎಂದೆ. ಮತ್ತೆ ಕೇಳಿದೆ.

"ಬೆಳಕ ಗೊತ್ತಾಗತೈತಿ ಅಕ್ಕಾ. ಸೀರಿ ಗೊತ್ತಾಗೂದಿಲ್ಲ."

ಹೋದ ತಿಂಗಳು ಪವರ್‌ಲೂಮಿನ ಲಾಳಿ ಹಾರಿ ಬಡಿದಿತ್ತು. ಹುಬ್ಬಿಗೆ ಬಡೀತು ಎಂದಿದ್ದ. ಅವ್ವ ಅರಿಷಿಣ ಹಚ್ಚಿದ್ದಳು, ಬಾವು ಇಳಿದಿತ್ತು, ನಾವೂ ಮರೆತಿದ್ದೆವು. ಹುಬ್ಬಿಗಲ್ಲ. ಕಣ್ಣಿಗೆ.

ಬಾಯಿ ತೆರೆಯುವ ಮೊದಲೇ ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡ. "ನನ್ನ ಕಣ್ಣಿನ ಸುದ್ದಿ ಯಾರ ಮುಂದೂ ಆಡಬ್ಯಾಡ. ಅವ್ವನ ಮುಂದೂ. ನನ್ನ ಆಣಿ."

ಎಂಥ ಹುಚ್ಚು ನನಗೆ, ಹೂಂ ಅಂದೆ. ತಲೆಯ ಮೇಲೆ ಕೈ ಇದ್ದಾಗ ಇನ್ನೇನು ಅನ್ನಬೇಕು?

೨೯ ಆಗಸ್ಟ್

ಮಿರಜಿಗೆ ಹೋಗಿ ಬಂದೆವು. ನನಗೆ ಕೊಡೆ ಕೊಳ್ಳಬೇಕು ಅಂತ ಅವ್ವನಿಗೆ ಸುಳ್ಳು. ಕೊಡೆ ಕೊಳ್ಳುವುದು ಮರೆತೇ ಬಂದೆವು, ಅದಕ್ಕೆ ಇನ್ನೊಂದು ಸುಳ್ಳು.

ಡಾಕ್ಟರು ಬಹಳ ಹೊತ್ತು ನೋಡಿದರು. ಮರಾಠಿ ಕಲಸಿದ ಕನ್ನಡ ಅವರದು, ಆದರೆ ಒಂದು ಮಾತೂ ತಿಳಿಯದೆ ಉಳಿಯಲಿಲ್ಲ. ಲಾಳಿಯ ಪೆಟ್ಟಿನಿಂದ ಕಣ್ಣಿನೊಳಗೆ ಪೊರೆ ಒಡೆದು ಉಬ್ಬುತ್ತಿದೆ. ಒತ್ತಡ ಏರುತ್ತಿದೆ. ಆಪರೇಷನ್ ಮಾಡಿ ತೆಗೆದರೆ ಕಣ್ಣು ಉಳಿಯುತ್ತದೆ. "ದಸರಾ ದಾಟಿಸಬ್ಯಾಡ್ರಿ, ತಾಯಿ. ಒಮ್ಮೆ ನರ ಸತ್ತಿತಂದ್ರ ಆಮ್ಯಾಲ ನಾನೂ ಇಲ್ಲ, ದೇವರೂ ಇಲ್ಲ." ಅಲ್ಲಿಯ ತನಕ ಹನಿಸಲು ಔಷಧ ಕೊಟ್ಟರು.

ಕುಡಚಿಯ ಹತ್ತಿರ ಬಸ್ಸು ಹೊಳೆ ದಾಟುವಾಗ ಕೇಳಿದೆ. ನಾಳೆ ಬಂದು ಅಡ್ಮಿಟ್ ಆಗೋಣ?

"ಕಪ್ ಮುಗೀಲಿ."

"ಕಪ್ ಯಾವಾಗ ಮುಗಿಯೂದು?"

"ನಾವು ಸೋತ ದಿನ. ಸೋತ ಮರುದಿನಾನ ಬರತೇನಿ. ಇದೂ ಆಣೀನ."

ಬೈದೆ. ಇಡೀ ಬಸ್ಸು ತಿರುಗಿ ನೋಡುವಂತೆ ಬೈದೆ. ಕಿಟಕಿಯ ಕಡೆ ಮುಖ ಮಾಡಿ ಕೂತ. ಊರು ಹತ್ತಿರ ಬಂದಾಗ ಮೆಲ್ಲಗೆ ಅಂದ — "ಮಗ್ಗದ ಮುಂದ ಯಾರ ನಿಂತ್ರೂ ನಡೀತೈತಿ ಅಕ್ಕಾ. ಗೋಲಿನಾಗ ನಾನ ಬೇಕು ಅಂತಾರ. ಒಂದ ಸಲ ಇದು ಬಿಟ್ಟೆ ಅಂದ್ರ ಒಂದ ಕಣ್ಣಿನವನ್ನ ತಿರುಗಿ ಯಾರ ಕರೀತಾರ?"

ಇಳಿಯುವ ತನಕ ಔಷಧದ ಚೀಟಿ ಮಡಚುತ್ತ ಕೂತೆ.

ಇನ್ನು ನನ್ನ ಪಾಡು ಕೇಳು. ಊರಿಗೆ ಊರೇ ಗೆಲ್ಲಲಿ ಅಂತ ಕಾಯಿ ಒಡೆಸುತ್ತಿದೆ. ನಾನು ಸೋಲಲಿ ಅಂತ ಯಾವ ದೇವರ ಮುಂದೆ ನಿಲ್ಲಲಿ? ಮುಂದಿನ ಮ್ಯಾಚು ಜಮಖಂಡಿಯವರ ಜೊತೆ. ಜಮಖಂಡಿಯ ದೇವರಿಗೇ ಹೇಳಿಕೊಳ್ಳಬೇಕು. ನಮ್ಮೂರಿನವನು ಒಪ್ಪಲಿಕ್ಕಿಲ್ಲ.

೧೦ ಸೆಪ್ಟೆಂಬರ್

ಜಮಖಂಡಿಯ ದೇವರು ಮಲಗಿದ್ದ.

ಟೆಂಪೋದ ಹಾರ್ನ್ ಕೇಳಿದಾಗಲೇ ಗೊತ್ತಾಯಿತು. ಸೋತವರು ಹಾರ್ನ್ ಹೊಡೆಯುವುದಿಲ್ಲ. ಆಟ ಮುಗಿದಾಗ ಸಮಸಮ ಇತ್ತಂತೆ, ಆಮೇಲೆ ಪೆನಾಲ್ಟಿ. ಬಾಳು ಮೂರು ಹಿಡಿದ. ಮೂರೂ ಅವನ ಬಲಗಡೆ ಹೊಡೆದಿದ್ದರಂತೆ. ಎಲೈ ಜಮಖಂಡಿಯ ಜಾಣರೇ, ಎಡಕ್ಕೆ ಅಷ್ಟಗಲದ ಗೋಲು ಬಿಟ್ಟುಕೊಂಡು ನಿಂತಿರುವಾಗ ನಿಮಗೆ ಬಲಗಡೆಯೇ ಬೇಕಿತ್ತೆ?

ಹೆಗಲ ಮೇಲೆ ಹೊತ್ತು ತಂದರು. ಆರತಿ ಎತ್ತು ಅಂದಳು ಅವ್ವ. ಎತ್ತಿದೆ. ದೀಪ ಎಡಕ್ಕೆ ಬಂದಾಗಲೆಲ್ಲ ಅವನು ಒಂದಿಷ್ಟು ಕುತ್ತಿಗೆ ಹೊರಳಿಸುತ್ತಾನೆ. ಹಾಗೇ ಆಡುತ್ತಿದ್ದಾನೆ, ಕುತ್ತಿಗೆಯಿಂದ. ಜನ ಅದನ್ನು ಸ್ಟೈಲು ಅಂದುಕೊಂಡಿದ್ದಾರೆ. ಸಾಲಿಯ ಹುಡುಗರೂ ಹಾಗೇ ಕುತ್ತಿಗೆ ಹೊರಳಿಸಲಿಕ್ಕೆ ಹತ್ತಿದ್ದಾರೆ.

ಮೂರನೇ ರೌಂಡು ನಮ್ಮಲ್ಲೇ, ಅಕ್ಟೋಬರ್ ಎರಡಕ್ಕೆ, ಬೆಳಗಾವಿಯ ತಂಡದ ಜೊತೆ. ಅದನ್ನೂ ಗೆದ್ದರೆ ಮುಂದಿನದು ದಸರಾ ಆದ ಮೇಲೆ. ಡಾಕ್ಟರ ಮಾತು ಯಾರಿಗೂ ಹೇಳುವಂತಿಲ್ಲ, ಇಲ್ಲಿ ಬರೆಯಬಹುದು ಅಷ್ಟೆ.

೧೮ ಸೆಪ್ಟೆಂಬರ್

ಗೋಲಿಗೆ ಬಲೆ ಬೇಕಂತೆ. ಮೂರನೇ ರೌಂಡಿನಿಂದ ಅದು ಕಡ್ಡಾಯ. ಇಲ್ಲಿಯ ತನಕ ನಮ್ಮಲ್ಲಿ ಎರಡು ಕಂಬ, ಮೇಲೊಂದು ಬಿದಿರು, ಅಷ್ಟೇ. ಕೊಲ್ಲಾಪುರದಿಂದ ತರಿಸೋಣ ಎಂದ ಹುಲೆಪ್ಪ. ಅವ್ವನಿಗೆ ಸಿಟ್ಟು ಬಂತು.

"ನಾಡಿಗೆಲ್ಲಾ ಸೀರಿ ಉಡಸವ್ರು ನಾವು. ಎರಡ ಗೋಲಿಗೆ ಉಡಸಾಕ ಬರೂದಿಲ್ಲೇನ್ಲೇ ನಮಗ?"

ಮುಗಿಯಿತು. ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ. ದಪ್ಪ ನೂಲು ಹುರಿ ಮಾಡಿ ಗಂಟು ಹಾಕುತ್ತಿದ್ದಾರೆ. ಕಣ್ಣು ಎಷ್ಟಗಲ ಇರಬೇಕು ಅಂತ ಬಾಳುನನ್ನೇ ಕೇಳಿದರು, ಬಲೆಯ ಕಣ್ಣು. ನಾನು ಒಳಗೆ ಎದ್ದು ಹೋದೆ.

೨೩ ಸೆಪ್ಟೆಂಬರ್

ಬಲೆ ಆಯಿತು. ನೋಡಲು ಛಂದ. ನಮ್ಮ ಮಂದಿಯ ಕೈ ಸುಮ್ಮನಿರಬೇಕಲ್ಲ, ಗಂಜಿಯನ್ನೂ ಹಾಕಿದ್ದಾರೆ. ಮಗ್ಗಕ್ಕೆ ಹಾಸು ಹೂಡುವ ನೂಲಿಗೆ ಹಾಕುವ ಹಾಗೇ ಮೈದಾ ಗಂಜಿ ಕುದಿಸಿ, ಬಲೆ ಅದ್ದಿ, ಓಣಿಯ ಉದ್ದಕ್ಕೂ ಚಾಚಿ ಕಟ್ಟಿ, ಕುಂಚದಿಂದ ತೀಡಿ ಒಣಗಿಸಿದರು. ಯಾಕೆ ಎಂದೆ. ಅವ್ವ ನನ್ನ ಮುಖ ನೋಡಿದಳು, ಸಾಲಿ ಕಲಿತರೆ ಬುದ್ಧಿ ಹೋಗುತ್ತದೆ ಅನ್ನುವ ಹಾಗೆ.

"ಗಂಜಿ ಹಾಕದ ನೂಲು ಯಾವ ಮನ್ಯಾಗರ ನೋಡಿಯೇನು?"

ಒಣಗಿದ ಬಲೆ ಗಟ್ಟಿ ನಿಂತಿದೆ, ಸಂಡಿಗೆಯ ವಾಸನೆ.

೨೬ ಸೆಪ್ಟೆಂಬರ್

ಬಾಳುಗೆ ನೋವು ಶುರು. ತಲೆ ಹಿಡಿದುಕೊಂಡು ಕೂತಿರುತ್ತಾನೆ. ಕಣ್ಣು ಕೆಂಪು. ಕೇಳಿದವರಿಗೆಲ್ಲ "ಕಣ್ಣ ಬಂದಾವು" ಅನ್ನುತ್ತಾನೆ, ಅಂಟೀತೆಂದು ಅವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಚಲೋ ಉಪಾಯ.

ತಡೆಯಲಾಗಲಿಲ್ಲ. ಸಾಲಿ ಬಿಟ್ಟು ಬರುವಾಗ ಹುಲೆಪ್ಪನ ನೂಲಿನ ಅಂಗಡಿಯ ಮುಂದೆ ನಿಂತೆ. ಆಣೆ ಮುರಿಯದಂತೆ ಮಾತು ಹುಡುಕಿದೆ.

"ಎರಡನೇ ಕೀಪರ್ ಗಿರಿಮಲ್ಲಪ್ಪಗೂ ಒಂದ ಮ್ಯಾಚ್ ಕೊಡ್ರೆಲಾ. ಪಾಪ, ಎರಡ ವರ್ಷ ಆತು, ಬರೇ ನೀರ ತಂದು ಕೊಡತಾನ."

ಹುಲೆಪ್ಪ ನಕ್ಕ. "ಅಕ್ಕೋರ, ಗಿರಿಮಲ್ಲಪ್ಪ ಬಾಲ್ ಬಂತಂದ್ರ ಕೈ ಮುಗೀತಾನ್ರಿ. ಬಾಳು ಇದ್ರ ನಾವು ಬೆಳಗಾವಿಯವರಿಗೆ ಅಂಜೂದಿಲ್ಲ."

ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳ ಆಡಬಹುದಿತ್ತು.

೨ ಅಕ್ಟೋಬರ್, ಬೆಳಿಗ್ಗೆ

ಇವತ್ತು ಅಮಾವಾಸ್ಯೆ, ಮಗ್ಗ ಬಂದ್. ಗಾಂಧಿ ಜಯಂತಿ, ಸಾಲಿ ಬಂದ್. ಊರಿನ ಒಂದು ಪಿಳ್ಳೆಯೂ ಮನೆಯಲ್ಲಿ ಉಳಿಯುವುದಿಲ್ಲ.

ಬೆಳಗಾದರೆ ಬಯಲಿನ ಕಡೆಯಿಂದ ಕೂಗಾಟ. ನಿನ್ನೆ ಸಂಜೆಯೇ ಬಲೆ ಕಟ್ಟಿ ಬಂದಿದ್ದರು, ಛಂದ ಕಾಣುತ್ತದೆ ಅಂತ. ನಮ್ಮ ಓಣಿಯ ಯಂಕವ್ವನ ಆಡುಗಳಿಗೆ ಸಂಡಿಗೆಯ ವಾಸನೆ ಹತ್ತಿದೆ. ಗಂಜಿ ನೆಕ್ಕಿ ನೆಕ್ಕಿ, ನೂಲನ್ನೂ ಜಗಿದಿವೆ. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೋದಳು. ಅಲ್ಲಿ ಯಂಕವ್ವ ಅವ್ವನಿಗೇ ತಿರುಗಿ ಬಿದ್ದಳಂತೆ — "ಊಟಾ ಮಾಡಿ ಇಟ್ಟಾಕಿ ನೀನು. ಉಂಡದ್ದು ಆಡಿನ ತಪ್ಪೇನ ಬೇ?"

ದೊಡ್ಡ ತೂತುಗಳನ್ನು ಸುತಳಿಯಿಂದ ಹೊಲಿದಿದ್ದಾರೆ. ಹೊತ್ತು ಏರಿತು, ಬೆಳಗಾವಿಯವರ ಬಸ್ಸು ಬಂತು.

ಬಾಳು ಔಷಧ ಹನಿಸಿಕೊಂಡು ಹೋದ. ನನ್ನ ಕಡೆ ನೋಡಲಿಲ್ಲ.

ಅದೇ ದಿನ, ದೀಪ ಹಚ್ಚಿದ ಮೇಲೆ

ಆದದ್ದನ್ನು ಆದ ಹಾಗೇ ಬರೆಯಬೇಕು. ನಾಳೆ ಊರಿನವರು ಬೇರೆ ಹೇಳುತ್ತಾರೆ, ನಾಡಿದ್ದು ನಾನೇ ಅದನ್ನು ನಂಬಿಬಿಡುತ್ತೇನೆ.

ಹೆಂಗಸರಿಗೆ ಗೋಲಿನ ಹಿಂದೆ ಜಾಗ. ನಾನು, ನಮ್ಮ ಸಾಲಿಯ ಮಾದೇವಿ ಟೀಚರು, ಎಡ ಕಂಬದ ಹತ್ತಿರ. ಅವ್ವ ಆಚೆ ಕಂಬದ ಕಡೆ, ಯಂಕವ್ವನ ಜೊತೆ ಜಗಳ ಮುಂದುವರಿಸುತ್ತ. ಎರಡನೇ ಹಾಫಿಗೆ ಬಾಳು ನಮ್ಮ ಕಡೆಯ ಗೋಲಿಗೆ ಬಂದ. ಬೆನ್ನು ನಮಗೆ. ಅವನ ಎಡವೇ ನಮಗೂ ಎಡ.

ಇನ್ನೂ ಯಾರದೂ ಗೋಲಿಲ್ಲ. ಬೆಳಗಾವಿಯವರು ಬರುತ್ತಲೇ ಇದ್ದರು. ಬಲಗಡೆ ಬಂದದ್ದನ್ನೆಲ್ಲ ಹಿಡಿದ. ಒಂದನ್ನಂತೂ ಗಾಳಿಯಲ್ಲಿ ಅಡ್ಡ ಮಲಗಿ. ಸುಳ್ಳೇಕೆ, ನಾನೂ ಎದ್ದು ಚಪ್ಪಾಳೆ ಹೊಡೆದೆ. ಸೋಲಲಿ ಅಂತ ಹರಸಿಕೊಂಡವಳು ಚಪ್ಪಾಳೆ ಹೊಡೆದೆ.

ಮುಗಿಯುವ ಹೊತ್ತಿಗೆ ಅವರ ಕುಳ್ಳ ಹುಡುಗನೊಬ್ಬ ಎಡಗಡೆಯಿಂದ ಒದ್ದ. ಜೋರಾಗೇನೂ ಅಲ್ಲ. ನೆಲಕ್ಕೆ ಹತ್ತಿ ಬಂತು. ಬಾಳು ಅಲ್ಲಾಡಲಿಲ್ಲ. ಬಾಲು ಕಂಬದ ಒಳಗಿನಿಂದ ಹೋಯಿತು, ಬಲೆಯ ಬುಡದ ಮೂಲೆಯಲ್ಲಿ ಹುಲ್ಲಿನ ಮರೆಗೆ ಯಾರೂ ಹೊಲಿಯದೆ ಬಿಟ್ಟ ತೂತಿತ್ತು, ಅದರಲ್ಲಿ ನುಸುಳಿತು, ಉರುಳುತ್ತ ಬಂದು ನನ್ನ ಕಾಲಿಗೆ ತಾಗಿ ನಿಂತಿತು.

ರೆಫರಿ ದೂರ ಇದ್ದರು. ಲೈನ್ಸ್‌ಮನ್ ಜನರನ್ನು ಗೆರೆಯ ಹಿಂದೆ ದಬ್ಬುತ್ತಿದ್ದ. ಬಾಲು ಗೋಲಿನ ಹಿಂದೆ ಇದೆ, ಬಲೆ ಅಲ್ಲಾಡಿಲ್ಲ, ಗಂಜಿ ತಿಂದು ಸೆಟೆದು ನಿಂತ ಬಲೆ ಅದು. ಹೊರಗೆ ಹೋಯಿತು ಎಂದು ಸೀಟಿ ಊದಿದರು. ಬೆಳಗಾವಿಯವರು ಓಡಿ ಬಂದು ತೂತು ತೋರಿಸಿದರು. ಗದ್ದಲ. ರೆಫರಿ ಬಗ್ಗಿ ನೋಡಿ, ಬಾಳುಗೆ ಕೇಳಿದರು. "ಕೀಪರ್, ನೀ ಹೇಳಪ್ಪ. ಒಳಗಿಂದ ಹೋಯ್ತೋ, ಹೊರಗಿಂದೋ?"

ಹೊರಗೆ ಅಂದರೆ ಸಾಕಿತ್ತು.

"ಕಾಣಲಿಲ್ರಿ" ಅಂದ ಬಾಳು.

ಜನ ಘೊಳ್ಳೆಂದು ನಕ್ಕರು. ಶಾಣ್ಯಾ! ಒಳ್ಳೆ ಉತ್ತರ! ನನಗೆ ಮಾತ್ರ ನಗು ಬರಲಿಲ್ಲ. ಖರೆ ಹೇಳಿದ್ದ. ಇಡೀ ಬಯಲಿನಲ್ಲಿ ಅವನೊಬ್ಬ, ನಾನೊಬ್ಬಳು, ಇಬ್ಬರಿಗೇ ಗೊತ್ತು.

ರೆಫರಿ ಮತ್ತೆ ಸೀಟಿ ಬಾಯಿಗಿಟ್ಟರು. ಆಗ ಎದ್ದೆ. ಬಾಲು ಕೈಯಲ್ಲಿತ್ತು, ಯಾವಾಗ ಎತ್ತಿಕೊಂಡೆನೋ. "ಒಳಗಿಂದ ಬಂತ್ರಿ. ಗೋಲ್ ಆಗೇತಿ. ನಾ ನೋಡೇನಿ."

ನನ್ನದೇ ಧ್ವನಿ, ಮಗ್ಗಿ ಹೇಳಿಸುವ ಧ್ವನಿ. ಮಾದೇವಿ ಸೆರಗು ಜಗ್ಗಿದಳು. ಹಿಂದಿನಿಂದ ಯಾರೋ ಕೂಗಿದರು — "ಅಕ್ಕೋರಿಗೆ ಗಾಂಧಿ ಜಯಂತಿ ಇವತ್ತ ಬರಬೇಕಿತ್ತೇನೋ!"

ನೋಡುವವರ ಮಾತು ನಡೆಯುವುದಿಲ್ಲ ಎಂದರು ರೆಫರಿ. ಸರಿಯೇ. ಆದರೆ ಹುಲೆಪ್ಪ ನನ್ನನ್ನು ನೋಡಿದ. ಆಮೇಲೆ ಬಾಳುನನ್ನು. ಮೆಲ್ಲಗೆ ನಡೆದು ಅವನ ಹತ್ತಿರ ಬಂದ.

"ಕಾಣಲಿಲ್ಲ ಅಂದಿ. ಖರೇನ?"

"ಖರೆ."

"ಅಕ್ಕೋರು ಕಂಡೇನಿ ಅಂತಾರ. ಅವರೂ ಸುಳ್ಳಾಡವ್ರಲ್ಲ, ನೀನೂ ಆಡಾವಲ್ಲ. ನಿನ್ನ ಕಾಲಾಗ ಹಾದು ಹ್ವಾದ ಬಾಲ್ ಅವರಿಗೆ ಕಂಡೈತಿ..."

ಅಲ್ಲಿಗೇ ನಿಲ್ಲಿಸಿದ. ಬಾಳುನ ಎಡಕ್ಕೆ ಸರಿದು, ಕೈ ಎತ್ತಿ, ಬೆರಳು ಬಿಚ್ಚಿದ. "ಎಷ್ಟ ಬೆರಳೋ?"

ಬಾಳು ಕುತ್ತಿಗೆ ಹೊರಳಿಸಲು ಹೋದ. ಹುಲೆಪ್ಪ ಇನ್ನೊಂದು ಕೈಯಿಂದ ಅವನ ಗದ್ದ ಹಿಡಿದ. "ಹಂಗ ನಿಂತ ಹೇಳು."

ಹೇಳಲಿಲ್ಲ. ನಿಂತಲ್ಲೇ ನಿಂತ. ಗದ್ದ ಹಿಡಿದ ಕೈ ಮೇಲೇರಿ ಅವನ ತಲೆ ಸವರಿತು.

ಹುಲೆಪ್ಪ ತಿರುಗಿ ಅಂದ, "ರೆಫರಿ ಸಾಹೇಬ್ರ, ಗೋಲ್ ಕೊಡ್ರಿ. ಕ್ಯಾಪ್ಟನ್ ನಾನು, ನಾ ಹೇಳಾಕತ್ತೇನಿ. ಹಂಗ ನಮ್ಮ ಕೀಪರನ್ನ ಬದಲಿ ಮಾಡ್ತೇವಿ."

ಉಳಿದ ಹೊತ್ತು ಗಿರಿಮಲ್ಲಪ್ಪ ನಿಂತ. ಒಂದು ಬಾಲು ಬಂತು, ಹೇಳಿದ ಹಾಗೇ ಕೈ ಮುಗಿದ, ಅದು ಮೊಣಕೈಗೆ ಬಡಿದು ಹೊರಗೆ ಹೋಯಿತು! ಆ ಗೋಳಿನಲ್ಲೂ ಜನ ನಕ್ಕರು.

ಸೋತೆವು, ಒಂದು–ಸೊನ್ನೆ.

ಅವ್ವ ಮನೆಗೆ ಬಂದವಳೇ ಬಾಳುನ ಕಪಾಳಕ್ಕೆ ಒಂದು ಬಿಟ್ಟಳು, ಬಲಗಡೆಗೆ. ಆಮೇಲೆ ಅಪ್ಪಿಕೊಂಡು ಅತ್ತಳು. ನನಗೂ ಒಂದು ಬಿತ್ತು. ಬೀಳಲಿ.

ಆಣೆ ಮುರಿಯಲಿಲ್ಲ ನಾನು. ಕಣ್ಣಿನ ಬಗ್ಗೆ ಆಣೆ ಇತ್ತು, ಬಾಲಿನ ಬಗ್ಗೆ ಇರಲಿಲ್ಲ. ಆದರೆ ಇಲ್ಲಿ ಯಾರೂ ಓದುವವರಿಲ್ಲ, ಹೇಳಿಬಿಡುತ್ತೇನೆ. ಬಾಳುನ ಕಣ್ಣು ಸರಿ ಇದ್ದಿದ್ದರೆ, ಗಾಂಧಿಯವರೇ ಬಂದು ಪಕ್ಕದಲ್ಲಿ ಕೂತಿದ್ದರೂ ನಾನು ಏಳುತ್ತಿರಲಿಲ್ಲ.

ಊರಿಗೆ ಊರೇ ಸೂತಕದಲ್ಲಿದೆ. ನಾನು ಒಳಗೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಹಗುರಾಗಿದ್ದೇನೆ. ಎಷ್ಟೋ ದಿನದ ಮೇಲೆ ಹಸಿವು. ಮೂರು ರೊಟ್ಟಿ ತಿಂದೆ.

೩ ಅಕ್ಟೋಬರ್, ಬಸ್‌ಸ್ಟ್ಯಾಂಡ್

ಮಿರಜಿನ ಬಸ್ಸು ಇನ್ನೂ ಬಂದಿಲ್ಲ. ಬಾಳು ಚೀಲ ಹಿಡಿದು ನಿಂತಿದ್ದಾನೆ. ಮಾತು ಬಿಟ್ಟಿದ್ದಾನೆ, ಆದರೆ ನಿಂತಿದ್ದಾನೆ.

ಹಾಲು ಹಾಕುವವನು ನಮ್ಮ ಮನೆ ಬಿಟ್ಟು ಮುಂದೆ ಹೋದ. ಮಾದೇವಿ ಹೇಳಿದಳು, ಈಗ ಊರಿನ ಸಿಟ್ಟು ಅರ್ಧ ನನ್ನ ಮೇಲೆ, ಅರ್ಧ ಆಡಿನ ಮೇಲೆ. "ಯಂಕವ್ವನ ಆಡು ಕಪ್ ತಿಂತು" ಅನ್ನುತ್ತಿದ್ದಾರಂತೆ. ಬರುವಾಗ ಯಾರೂ ನೋಡದ ಹಾಗೆ ಆ ಆಡಿಗೆ ರೊಟ್ಟಿ ಹಾಕಿ ಬಂದೆ, ಬೆಲ್ಲ ಸವರಿ. ತಿಂದು, ಇನ್ನೂ ಇದೆಯೇ ಅಂತ ನನ್ನ ಸೆರಗು ಜಗಿಯಿತು. ಗಂಜಿ ಹಾಕಿದ ಸೀರೆ.

೫ ಅಕ್ಟೋಬರ್

ಆಪರೇಷನ್ ಆಯಿತು. ಅಲ್ಲಾಡುವ ಹಾಗಿಲ್ಲ. ಎರಡೂ ಕಣ್ಣಿಗೆ ಪಟ್ಟಿ. ಡಾಕ್ಟರು ಏನೂ ಹೇಳುವುದಿಲ್ಲ, ಬಿಚ್ಚಿದಾಗ ನೋಡೋಣ ಅನ್ನುತ್ತಾರೆ. ಇನ್ನೂ ಒಂದು ವಾರ ತಡವಾಗಿದ್ದರೆ ತಾವು ಕೈ ಹಾಕುತ್ತಿರಲಿಲ್ಲ ಎಂದಷ್ಟೇ ಅಂದರು.

ಒಂದು ವಾರ! ಗೆದ್ದಿದ್ದರೆ... ಬೇಡ. ಬರೆಯುವುದಿಲ್ಲ.

೧೧ ಅಕ್ಟೋಬರ್, ದಸರಾ

ಮಧ್ಯಾಹ್ನ ಬಾಗಿಲಲ್ಲಿ ಗುಸುಗುಸು. ಹುಲೆಪ್ಪ, ಹಿಂದೆ ಇಡೀ ಸ್ಟಾರ್ ಕ್ಲಬ್ಬು, ಕೈಯಲ್ಲಿ ಬನ್ನಿ. ನರ್ಸ್‌ಬಾಯಿ ಇಬ್ಬಿಬ್ಬರನ್ನೇ ಒಳಗೆ ಬಿಟ್ಟರು. ಬಾಳುನ ಅಂಗೈ ಬಿಡಿಸಿ ಎಲೆ ಇಟ್ಟರು, ಒಬ್ಬೊಬ್ಬರಾಗಿ. "ಬನ್ನಿ ತಗೊಂಡು ಬಂಗಾರದಂಗ ಇರೂಣು." ಪಟ್ಟಿ ಕಟ್ಟಿದ ಮುಖ, ಮುಟ್ಟಿಯೇ ಯಾರು ಅಂತ ಹೇಳಿದ. ಗಿರಿಮಲ್ಲಪ್ಪನ ಕೈ ಹಿಡಿದು, "ನೀ ಹಂಗ ಕೈ ಮುಗೀಬ್ಯಾಡೋ ಮಾರಾಯ, ಬೆರಳ ಅಗಲ ಮಾಡು" ಎಂದ. ಆವತ್ತಿನಿಂದ ಅವನು ಆಡಿದ ಮೊದಲನೇ ಉದ್ದನೆಯ ಮಾತು.

ಹುಲೆಪ್ಪ ಹೊರಡುವಾಗ ಹಾಸಿಗೆಯ ಹತ್ತಿರ ಬಗ್ಗಿದ. "ಗೋಲಿನಾಗ ನಿನ್ನ ಜಾಗಾ ಯಾರೂ ಒಯ್ಯೂದಿಲ್ಲ. ಕಣ್ಣ ಬರ್ಲಿ, ಬರದ ಇರ್ಲಿ, ಕ್ಲಬ್ಬಿಗೆ ನೀ ಬೇಕು. ಹುಡುಗೂರಿಗೆ ಕಲಸಾವ್ರ ಯಾರು?"

ಬಾಳು ಬನ್ನಿ ಹಿಡಿದ ಮುಷ್ಟಿ ಬಿಗಿ ಮಾಡಿದ. ಪಟ್ಟಿ ಒದ್ದೆ ಆಗಬಾರದು ಅಂದಿದ್ದರು ಡಾಕ್ಟರು.

ನನಗೂ ಬನ್ನಿ ಕೊಟ್ಟ ಹುಲೆಪ್ಪ. ಬೈಯುತ್ತಾನೆ ಅಂದುಕೊಂಡಿದ್ದೆ. "ಅಕ್ಕೋರ, ಆ ಗಿರಿಮಲ್ಲಪ್ಪನ ಮಾತು ಎತ್ತಿದ ದಿನಾನ ನನಗ ತಿಳೀಬೇಕಿತ್ರಿ" ಅಂದ. ಒಂದು ಚೀಲ ಮೋಸಂಬಿ ಇಟ್ಟು ಹೋದ.

ಅವ್ವ ಬೇರೆ ಲೆಕ್ಕ ಹಾಕಿಕೊಂಡು ಕೂತಿದ್ದಾಳೆ. "ಗಂಜಿ ಹಾಕದಿದ್ರ ಆಡು ತಿಂತಿದ್ದಿಲ್ಲ. ಆಡು ತಿನ್ನದಿದ್ರ ತೂತಿಲ್ಲ. ಹುಡುಗನ ಕಣ್ಣ ಉಳೀತಂದ್ರ ಯಾರಿಂದ ಉಳೀತು?" ನರ್ಸ್‌ಬಾಯಿಗೂ ಇದನ್ನು ವಿವರಿಸಿದ್ದಾಳೆ. ಅವರಿಗೆ ಕನ್ನಡ ಬರುವುದಿಲ್ಲ, ತಲೆ ಆಡಿಸಿದರು.

೧೪ ಅಕ್ಟೋಬರ್, ಶನಿವಾರ

ಪಟ್ಟಿ ಬಿಚ್ಚಿದರು.

ಡಾಕ್ಟರು ಬೆಳಕು ಬಿಟ್ಟು ನೋಡಿದರು, ಕೈ ಆಡಿಸಿ ನೋಡಿದರು. "ನರ ಜೀವಂತ ಐತಿ. ಮಂಜ ಇರತೈತಿ, ದಪ್ಪ ಚಷ್ಮಾ ಬೇಕು. ಆದ್ರ ಕಾಣತೈತಿ." ಅಷ್ಟು ಹೇಳಿ ಮುಂದಿನ ಹಾಸಿಗೆಗೆ ಹೋದರು. ನನಗೆ ಅವರ ಕಾಲು ಹಿಡಿಯುವ ಆಸೆ, ಅವರು ಆಗಲೇ ಇನ್ನೊಬ್ಬರನ್ನು ಬೈಯುತ್ತಿದ್ದರು. ಅವ್ವ ಕಾರಿಡಾರಿಗೆ ಹೋಗಿ ಗೋಡೆಗೇ ಕೈ ಮುಗಿದಳು.

ಈಗ ಅವಳು ಚಾ ತರಲು ಹೋಗಿದ್ದಾಳೆ. ಬಾಳು ದಿಂಬಿಗೆ ಒರಗಿ ಕೂತಿದ್ದಾನೆ, ಕಿಟಕಿಯ ಕಡೆ ಮುಖ. ನಾನು ಅವನ ಎಡಕ್ಕೆ ಸ್ಟೂಲಿನ ಮೇಲೆ. ಬೇಕಂತಲೇ ಈ ಕಡೆ ಕೂತಿದ್ದೇನೆ. ಕೇಳಲು ಅಂಜಿಕೆ. ಡಾಕ್ಟರು ಹೇಳಿದರೂ ಅಂಜಿಕೆ.

ಚೀಲದಲ್ಲಿ ಒಂದು ಮೋಸಂಬಿ ಉಳಿದಿತ್ತು. ಹೇಳಲಿಲ್ಲ, ಕೇಳಲಿಲ್ಲ. ಮೆಲ್ಲಗೆ, ಅವನ ತೊಡೆಯ ಕಡೆಗೆ ಎಸೆದೆ.

ಹಿಡಿದ.

ಕುತ್ತಿಗೆ ಹೊರಳಿಸದೆ ಹಿಡಿದ. ತೊಡೆಗೆ ತಾಗುವ ಮೊದಲೇ.

ಅಕ್ಷರ ಒದ್ದೆ ಆಗುತ್ತಿವೆ, ಆಗಲಿ. ಅವನೂ ಅಳುತ್ತಿದ್ದಾನೆ, ಅಳಬಾರದು ಅಂದಿದ್ದಾರೆ, ನಗುತ್ತಲೂ ಇದ್ದಾನೆ. "ಏನ್ ಬರಿಯಾಕತ್ತೀಯಕ್ಕಾ, ಪೆನ್ ಇಡು, ನಿನ್ನ ಸರದಿ, ಹಿಡಿ" ಅಂತ ಈಗ ನನ್ನ ಕಡೆಗೇ ಎಸೆ—